ಹಂಪಿ ಪ್ರವಾಸಕ್ಕೆ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಏನೇನು ಹೊಂದಿಸಿಕೊಳ್ಳಬೇಕು?

ಲ್ಯಾಪ್‌ಟಾಪ್ ಇಲ್ಲದೆ ಹಂಪಿಗೆ ಹೊರಟಿದ್ದೀರಿ, ಮರಳಿದ ಮೇಲೂ ಫೋಟೊ ತಿದ್ದುತ್ತ ಕೂರುವ ಮನಸ್ಸಿಲ್ಲ, ಆದ್ದರಿಂದ ಫ್ಯೂಜಿಫಿಲ್ಮ್ ಎಕ್ಸ್-ಟಿ3 ಕ್ಯಾಮೆರಾದಲ್ಲೇ ಏನೇನು ಹೊಂದಿಸಿಕೊಳ್ಳಬೇಕು ಎಂದು ಕೇಳಿದ್ದೀರಿ. ನಾನು ಬಳಸುವುದೂ ಅದನ್ನೇ. ಮೆನುವಿನಲ್ಲಿ ಆಯ್ಕೆಗಳು ಎಷ್ಟೇ ಇದ್ದರೂ ಎಕ್ಸ್‌ಪೋಶರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಮತ್ತು ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಇವೆರಡಕ್ಕೆ ಮೊದಲ ಗಮನ ಕೊಡಿ, ಏಕೆಂದರೆ ಜೆಪೆಗ್‌ನಲ್ಲಿ, ಅಂದರೆ ಕ್ಯಾಮೆರಾವೇ ಸಿದ್ಧಪಡಿಸಿ ಕೊಡುವ ಚಿತ್ರದಲ್ಲಿ, ಇವೆರಡು ಕೆಟ್ಟರೆ ಆಮೇಲೆ ಪೂರ್ತಿ ಸರಿಪಡಿಸಲಾಗದು. ಚಿತ್ರಕ್ಕೆ ಫಿಲ್ಮ್‌ನಂಥ ಬಣ್ಣ ಕೊಡುವ ಫಿಲ್ಮ್ ಸಿಮ್ಯುಲೇಶನ್‌ಗಳಲ್ಲಿ ಪ್ರೊವಿಯಾ ಬೇಕೋ ಕ್ಲಾಸಿಕ್ ಕ್ರೋಮ್ ಬೇಕೋ ಎಂಬುದು ಅವರವರ ಅಭಿರುಚಿ.

ವೈಟ್ ಬ್ಯಾಲೆನ್ಸನ್ನು ಹಗಲಿಡೀ ಡೇಲೈಟ್‌ನಲ್ಲೇ ಇರಿಸಿ. ಸಂಜೆ ಹೇಮಕೂಟದ ಬಂಡೆಗಳು ಹೊಂಬಣ್ಣಕ್ಕೆ ತಿರುಗಿದಾಗ, ಆಟೊದಲ್ಲಿರುವ ಕ್ಯಾಮೆರಾ ಆ ಹಳದಿಯನ್ನು ದೋಷವೆಂದು ಬಗೆದು ತಗ್ಗಿಸಲು ನೋಡುತ್ತದೆ; ಯಾವ ಬಣ್ಣಕ್ಕಾಗಿ ಬೆಟ್ಟ ಹತ್ತಿದಿರೋ ಅದೇ ಚಿತ್ರದಲ್ಲಿ ಮಂಕಾಗುತ್ತದೆ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಎರಡನ್ನೂ ಬದಲಿಸಿ ನೋಡಿದರೆ, ಕ್ಲಿಕ್ಕಿಸುವ ಮೊದಲೇ ವ್ಯತ್ಯಾಸ ಕಾಣುತ್ತದೆ. ಮಿರರ್‌ಲೆಸ್ ಕ್ಯಾಮೆರಾದ ಈ ಅನುಕೂಲವನ್ನು ಪ್ರವಾಸದಲ್ಲಿ ಧಾರಾಳವಾಗಿ ಬಳಸಿಕೊಳ್ಳಿ.

ಎಕ್ಸ್‌ಪೋಶರ್ ವಿಷಯದಲ್ಲಿ ಹಂಪಿಯ ಮಧ್ಯಾಹ್ನ ಬಹಳ ಕಠಿಣ. ವಿಠ್ಠಲ ದೇವಾಲಯದ ಮಂಟಪದ ನೆರಳಲ್ಲಿ ನಿಂತು, ಕಂಬಗಳ ನಡುವಿನಿಂದ ಬಿಸಿಲಿನಲ್ಲಿರುವ ಕಲ್ಲಿನ ರಥವನ್ನು ತೆಗೆಯಹೊರಟರೆ, ಒಂದೋ ಕಂಬಗಳ ಕೆತ್ತನೆ ಕಪ್ಪಾಗುತ್ತದೆ, ಇಲ್ಲವೇ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಇಂಥಲ್ಲಿ ಡೈನಮಿಕ್ ರೇಂಜ್ (ಡಿಆರ್), ಅಂದರೆ ನೆರಳಿನಿಂದ ಬಿಸಿಲಿನವರೆಗೆ ಚಿತ್ರ ಹಿಡಿಯಬಲ್ಲ ವ್ಯಾಪ್ತಿಯನ್ನು, ಡಿಆರ್400ಕ್ಕೆ ಏರಿಸಿ. ಕ್ಯಾಮೆರಾ ಬೇಕೆಂದೇ ಕಡಿಮೆ ಎಕ್ಸ್‌ಪೋಶರ್ ಕೊಟ್ಟು ಬಿಳಿಯ ಭಾಗಗಳನ್ನು ಉಳಿಸಿಕೊಂಡು, ಬಳಿಕ ನೆರಳನ್ನು ಎತ್ತುತ್ತದೆ. ಆದ ಕಾರಣ ಈ ಆಯ್ಕೆಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) ಕನಿಷ್ಠ 640 ಇರಬೇಕು, ಅದಕ್ಕಿಂತ ಮೃದುವಾದ ಡಿಆರ್200ಕ್ಕೆ 320 ಸಾಕು. ಐಎಸ್‌ಒ 160ರಲ್ಲಿ ಇದ್ದಾಗ ಇವು ದೊರೆಯುವುದಿಲ್ಲ. ಜೊತೆಗೆ ಚಿತ್ರದ ಕಪ್ಪು-ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಬಲತುದಿಗೆ ತಾಗದಂತೆ, ಚಿತ್ರದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ತುಸು ಇಳಿಸಿ.

ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲಕೋಣೆಯಲ್ಲಿ ರಾಜಗೋಪುರದ ನೆರಳು ಸಣ್ಣ ರಂಧ್ರದ ಮೂಲಕ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಕ್ಯಾಮೆರಾ ಹಿಡಿದವರು ತಪ್ಪದೆ ನೋಡಬೇಕಾದದ್ದು ಅದು, ಕ್ಯಾಮೆರಾದ ಮೂಲತತ್ತ್ವವೇ ಅಲ್ಲಿದೆ. ಫೋಟೊಗೆ ಅನುಮತಿಯಿದ್ದರೆ ಅಲ್ಲಿಯೂ ಕಾಂಪೆನ್ಸೇಶನ್ ಇಳಿಸಿ, ಇಲ್ಲವಾದರೆ ಕ್ಯಾಮೆರಾ ಕತ್ತಲನ್ನು ಬೂದು ಬಣ್ಣಕ್ಕೆ ತಿರುಗಿಸುತ್ತದೆ. ಒಳಾಂಗಣಗಳಿಗೆ ಆಟೊ ಐಎಸ್‌ಒ ಗರಿಷ್ಠ 6400, ಕನಿಷ್ಠ ಶಟರ್ ವೇಗ 1/100 ಸೆಕೆಂಡ್ ಇರಲಿ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಮಿನುಗುವ ದೀಪಗಳ ಕೆಳಗೆ ಈ ವೇಗವೇ ಹೊಂದುತ್ತದೆ. ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಅಡ್ಡಪಟ್ಟೆಗಳು ಮೂಡಬಹುದು, ಮೆಕ್ಯಾನಿಕಲ್ ಶಟರನ್ನೇ ಬಳಸಿ.

ಕೊನೆಯದಾಗಿ, ಜೆಪೆಗ್ ಜೊತೆ ರಾ ಫೈಲನ್ನೂ, ಅಂದರೆ ಕ್ಯಾಮೆರಾ ಇನ್ನೂ ಸಿದ್ಧಪಡಿಸದ ಮೂಲ ಮಾಹಿತಿಯನ್ನೂ, ಉಳಿಸಿಕೊಳ್ಳಿ. ರಾತ್ರಿ ಕೋಣೆಯಲ್ಲಿ ಕುಳಿತು ಕ್ಯಾಮೆರಾದಲ್ಲೇ ರಾ ಕನ್ವರ್ಶನ್ ಮೂಲಕ ವೈಟ್ ಬ್ಯಾಲೆನ್ಸ್, ಫಿಲ್ಮ್ ಸಿಮ್ಯುಲೇಶನ್ ಬದಲಿಸಿ ಹೊಸ ಜೆಪೆಗ್ ಮಾಡಿಕೊಳ್ಳಬಹುದು. ಆದರೆ ಡಿಆರ್100ರಲ್ಲಿ ತೆಗೆದದ್ದನ್ನು ಅಲ್ಲಿ ಡಿಆರ್400 ಮಾಡಲಾಗದು, ಅದನ್ನು ಬಿಸಿಲಿನಲ್ಲಿ ನಿಂತಾಗಲೇ ನಿರ್ಧರಿಸಬೇಕು.