ದಾವಣಗೆರೆಗೆ ಅರ್ಹತೆ ಇರುವ ಮೆಡಿಕಲ್ ರೆಪ್ ಎಲ್ಲಿ ಸಿಗುತ್ತಾರೆ?

ನಿಮ್ಮ ಔಷಧ ಕಂಪನಿಗೆ ದಾವಣಗೆರೆಯಲ್ಲಿ ಮೆಡಿಕಲ್ ರೆಪ್ (ಡಾಕ್ಟರು, ಮೆಡಿಕಲ್ ಶಾಪ್‌ಗಳಿಗೆ ಹೋಗಿ ಕಂಪನಿಯ ಔಷಧ ಪರಿಚಯಿಸುವವನು) ಬೇಕು, ಬಿ.ಫಾರ್ಮ್ ಆಗಿರಬೇಕು, ಅನುಭವ ಇರಬೇಕು, ಟಾರ್ಗೆಟ್ ಮುಟ್ಟಿದ ದಾಖಲೆ ಬೇಕು ಅಂತ ಬರೆದಿದ್ದೀರಿ. ಹುಬ್ಬಳ್ಳಿಯಲ್ಲಿ ಸಣ್ಣದೊಂದು ಔಷಧ ಕಂಪನಿ ಶುರು ಮಾಡಿದಾಗ ನಾನು ಕೊಟ್ಟ ಜಾಹೀರಾತೂ ಹೆಚ್ಚುಕಮ್ಮಿ ಇದೇ. ಅಂಥವನೇ ಸಿಕ್ಕಿದ. ಅಲ್ಲೇ ಕೆಟ್ಟಿದ್ದು.

ಹುಡುಗ ಮಾತಿನಲ್ಲಿ ಚುರುಕು. ಹಳೇ ಕಂಪನಿಯ ಸೇಲ್ಸ್ ಶೀಟ್ ಮುಂದಿಟ್ಟ, ತಿಂಗಳಿಂದ ತಿಂಗಳಿಗೆ ಏರುತ್ತಲೇ ಹೋಗಿತ್ತು. ನಾನು ಮತ್ತೇನೂ ಕೇಳಲಿಲ್ಲ. ಅದು ಪ್ರೈಮರಿ ಸೇಲ್ಸ್, ಅಂದರೆ ಕಂಪನಿ ಸ್ಟಾಕಿಸ್ಟ್‌ಗೆ (ಸಗಟು ವ್ಯಾಪಾರಿಗೆ) ಹಾಕಿದ ಬಿಲ್. ಸ್ಟಾಕಿಸ್ಟ್‌ನಿಂದ ಮೆಡಿಕಲ್ ಶಾಪ್‌ಗೆ ಹೋಗೋದು ಸೆಕೆಂಡರಿ. ಡಾಕ್ಟರ್ ಚೀಟಿ ಬರೆದರೆ ತಾನೇ ಸೆಕೆಂಡರಿ ಓಡೋದು? ಪ್ರೈಮರಿಗೆ ಡಾಕ್ಟರೇ ಬೇಕಿಲ್ಲ. ತಿಂಗಳ ಕೊನೆಗೆ ಸ್ಟಾಕಿಸ್ಟ್ ಹತ್ರ ಹೋಗಿ "ಅಣ್ಣಾ, ಇನ್ನೆರಡು ಬಾಕ್ಸ್ ಎತ್ತಿಕೊಳ್ಳಿ, ಸ್ಕೀಮ್‌ನಲ್ಲಿ ಫ್ರೀ ಮಾಲು ಜಾಸ್ತಿ ಕೊಡಿಸ್ತೀನಿ, ಹೋಗದಿದ್ರೆ ವಾಪಸ್ ತಗೋತೀವಿ" ಅಂದರೆ ಮುಗೀತು. ನಮ್ಮಲ್ಲೂ ಅದನ್ನೇ ಮಾಡಿದ. ನಾನು ಬಿಲ್ ನೋಡಿ ಹಿಗ್ಗಿ ಇನ್ಸೆಂಟಿವ್ ಕೊಟ್ಟೆ, ಸಾಲದ್ದಕ್ಕೆ ಹಿಮಾಚಲದ ಬದ್ದಿಯಲ್ಲಿ ಇನ್ನಷ್ಟು ಮಾಲು ಮಾಡಿಸಿ ತರಿಸಿದೆ. ಆಮೇಲೆ ಗದಗದ ಸ್ಟಾಕಿಸ್ಟ್ ಎಕ್ಸ್‌ಪೈರಿ ಮಾಲು ಕಳಿಸಿದರು. ಮಕ್ಕಳ ಆಂಟಿಬಯಾಟಿಕ್ ಡ್ರೈ ಸಿರಪ್. ನಾವು ಅಂಟಿಸಿದ ಟೇಪ್ ಹಾಗೇ ಇತ್ತು, ಬಾಕ್ಸ್ ಬಿಚ್ಚೇ ಇರಲಿಲ್ಲ. ಅಷ್ಟು ಹೊತ್ತಿಗೆ ಆತ ಬೇರೆ ಕಂಪನಿ ಸೇರಿಯಾಗಿತ್ತು. ನಮ್ಮ ಲೆಕ್ಕವೂ ಈಗ ಅವನ ಶೀಟ್‌ನಲ್ಲಿ ಇರಬೇಕು!

ಅದಕ್ಕೇ ಹೇಳೋದು, ಡಿಗ್ರಿ ಮೇಲೆ ಇಷ್ಟು ಹಟ ಬೇಡ. ಬಿ.ಫಾರ್ಮ್ ಮಾಡಿದವನು ರಿಜಿಸ್ಟರ್ ಮಾಡಿಸಿ ಸ್ವಂತ ಮೆಡಿಕಲ್ ಶಾಪೇ ಹಾಕಬಹುದು, ಫ್ಯಾಕ್ಟರಿಗೆ ಹೋಗಬಹುದು. ನೀವು ಕೊಡೋ ಸಂಬಳಕ್ಕೆ ಅವನು ಹರಪನಹಳ್ಳಿ, ಹೊಳಲ್ಕೆರೆ ಅಂತ ಬ್ಯಾಗ್ ಹೊತ್ತು ಎಷ್ಟು ದಿನ ಬಸ್ ಹತ್ತುತ್ತಾನೆ? ಬಿ.ಎಸ್ಸಿ ಹುಡುಗನಿಗೆ ಔಷಧದ ವಿಷಯ ಕೂರಿಸಿ ಕಲಿಸಬಹುದು.

ಜಾಬ್ ಸೈಟ್‌ಗೆ ದುಡ್ಡು ಸುರಿಯುವ ಮೊದಲು ಪಿ.ಜೆ. ಬಡಾವಣೆಯ ಆಸ್ಪತ್ರೆಗಳ ಸುತ್ತ ಇರೋ ಮೆಡಿಕಲ್ ಶಾಪ್‌ಗಳಿಗೆ ಹೋಗಿ. "ಎಕ್ಸ್‌ಪೈರಿ ಕ್ಲೇಮ್ ಮಾಡಿಸೋಕೆ, ಅಂದರೆ ಅವಧಿ ಮುಗಿದ ಮಾಲಿನ ದುಡ್ಡು ಕಂಪನಿಯಿಂದ ಕೊಡಿಸೋಕೆ, ತಪ್ಪದೆ ಬರೋ ರೆಪ್ ಯಾರು?" ಅಂತ ಕೇಳಿ. ಸಿಗೋದು ಎರಡೇ ಹೆಸರಾದರೂ ಪರವಾಗಿಲ್ಲ, ಆ ಎರಡು ಹೆಸರು ಕೆಲಸಕ್ಕೆ ಬರುತ್ತವೆ. ಆಮೇಲೆ ಅವರಲ್ಲಿ ಒಬ್ಬನ ಜೊತೆ ಒಂದು ದಿನ ನೀವೇ ಏರಿಯಾ ಸುತ್ತಿ. ಕೌಂಟರ್‌ನಲ್ಲಿರೋರು ಅವನನ್ನು ನೋಡಿ ತಾವಾಗೇ ಮಾತಾಡಿಸ್ತಾರಾ, ಇಲ್ಲ ಮುಖ ತಿರುಗಿಸ್ತಾರಾ, ಅಷ್ಟು ಗಮನಿಸಿ. ಹಳೇ ಸ್ಟಾಕಿಸ್ಟ್ ಯಾರು ಅಂತ ಕೇಳಿಕೊಂಡು, ತಿಂಗಳ ಕೊನೆಗೆ ಅವರ ಹತ್ರ ಮಾಲು ಎಷ್ಟು ಉಳೀತಿತ್ತು ಅಂತ ವಿಚಾರಿಸಿ.

ಡಾಕ್ಟರಿಗೆ ಗಿಫ್ಟ್ ಬಜೆಟ್ ಎಷ್ಟು ಅಂತ ಮೊದಲೇ ಕೇಳುವವನು ಬೇಡವೇ ಬೇಡ. 2024ರ ಯುಸಿಪಿಎಂಪಿ (ಔಷಧ ಕಂಪನಿಗಳ ಪ್ರಚಾರಕ್ಕೆ ಕೇಂದ್ರ ಸರ್ಕಾರ ಹಾಕಿದ ಸಂಹಿತೆ) ಪ್ರಕಾರ ಡಾಕ್ಟರಿಗಾಗಲಿ ಅವರ ಮನೆಯವರಿಗಾಗಲಿ ಸ್ವಂತ ಬಳಕೆಗೆ ಉಡುಗೊರೆ ಕೊಡುವ ಹಾಗಿಲ್ಲ.

ನೇಮಕ ಬಾಯಿಮಾತಲ್ಲಿ ಮುಗಿಸಬೇಡಿ, ಪತ್ರ ಕೊಡಿ. ಹೆಡ್‌ಕ್ವಾರ್ಟರ್‌ಗೆ (ಇರೋ ಊರಲ್ಲೇ ಕೆಲಸ), ಎಕ್ಸ್-ಸ್ಟೇಷನ್‌ಗೆ (ಹೊರ ಊರಿಗೆ ಹೋಗಿ ಅದೇ ದಿನ ವಾಪಸ್), ರಾತ್ರಿ ಹೊರಗೇ ಉಳಿದರೆ ಡಿಎ (ದಿನದ ಭತ್ಯೆ) ಎಷ್ಟು ಅಂತ ಬೇರೆ ಬೇರೆ ಬರೆಯಿರಿ. ಇನ್ಸೆಂಟಿವ್ ಸೆಕೆಂಡರಿ ಮೇಲೆ ಮಾತ್ರ ಅಂತಲೂ ಬರೆಯಿರಿ. ಆ ಸಾಲು ಓದಿ ಯಾರಾದರೂ ಮತ್ತೆ ಫೋನ್ ಎತ್ತದಿದ್ದರೆ ನೀವು ಬೇಜಾರು ಮಾಡ್ಕೋಬೇಡಿ.