ಸಾರಾ ಆಲ್‌ಗುಡ್: ಬೆತ್ ಮಾರ್ಗನ್‌ಗಿಂತ ಮೊದಲಿನ ಮೂರೂವರೆ ದಶಕ

ಶಿವಮೊಗ್ಗದ ಓದುಗ ಮಿತ್ರರೇ,

ನಿಮ್ಮ ಪತ್ರ ತಲುಪಿತು. ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ ಚಿತ್ರದಲ್ಲಿ ಗಣಿ ಕಾರ್ಮಿಕನ ಹೆಂಡತಿ ಬೆತ್ ಮಾರ್ಗನ್ ಆಗಿ ನಟಿಸಿದ ಐರಿಷ್ ನಟಿ ಸಾರಾ ಆಲ್‌ಗುಡ್ ಅವರನ್ನು ಮನಸಾರೆ ಮೆಚ್ಚಿದ್ದೀರಿ. ‘ಇಷ್ಟು ಸತ್ವವುಳ್ಳ ನಟಿ ತಾಯಿ, ದಾದಿ, ಮನೆಗೆಲಸದವಳು ಎಂದು ಸಣ್ಣಪುಟ್ಟ ಪಾತ್ರಗಳಲ್ಲೇ ಕಳೆದುಹೋದದ್ದು ಏಕೆ? ಮೇಲೇರಬೇಕೆಂಬ ಹಂಬಲವೇ ಅವರಿಗೆ ಇರಲಿಲ್ಲವೇ?’ ಎಂದು ಕೇಳಿದ್ದೀರಿ.

ಹಂಬಲದ ಮಾತನ್ನು ನಾನು ಒಪ್ಪಲಾರೆ. 1940ರಲ್ಲಿ ಹಾಲಿವುಡ್‌ಗೆ ಹೋದಾಗ ಅವರಿಗೆ ಸುಮಾರು ಅರವತ್ತು ವರ್ಷ. ನೀವು ನೋಡಿರುವುದು ಅವರ ವೃತ್ತಿಜೀವನದ ಕೊನೆಯ ಹತ್ತು ವರ್ಷಗಳ ಒಂದು ತುಣುಕು ಮಾತ್ರ. ಅದಕ್ಕೂ ಮೊದಲಿನ ಮೂರೂವರೆ ದಶಕ ಅವರು ರಂಗಭೂಮಿಯವರು.

ಡಬ್ಲಿನ್‌ನ ಬಡ ಕುಟುಂಬದ ಹುಡುಗಿ ಫೇ ಸಹೋದರರ ನಾಟಕ ತಂಡಕ್ಕೆ ಸೇರಿದಳು. ಮಾತು ಹೇಗೆ ಆಡಬೇಕು, ಉಸಿರು ಎಲ್ಲಿ ಹಿಡಿಯಬೇಕು ಎಂಬುದನ್ನು ಫ್ರಾಂಕ್ ಫೇ ಅವರಲ್ಲಿ ಕಲಿತಳು. ಈ ತಂಡಕ್ಕೂ ನಮಗೂ ಒಂದು ನಂಟಿದೆ. ಫೇ ಸಹೋದರರನ್ನು ಕವಿ ಜಾರ್ಜ್ ರಸೆಲ್ ಅವರಿಗೆ ಪರಿಚಯಿಸಿ, 1902ರಲ್ಲಿ ಆ ತಂಡದ ಜೊತೆ ಬಣ್ಣ ಹಚ್ಚಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಮುಂದೆ ಮೈಸೂರಿನಲ್ಲಿ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಯುವಕ ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯಿರಿ ಎಂದು ಹೇಳಿದವರೂ ಇವರೇ.

1904ರ ಡಿಸೆಂಬರ್ 27ರಂದು ಡಬ್ಲಿನ್‌ನ ಆಬಿ ರಂಗಮಂದಿರ ಬಾಗಿಲು ತೆರೆದ ರಾತ್ರಿ ಸಾರಾ ಲೇಡಿ ಗ್ರೆಗರಿಯವರ ಹಾಸ್ಯ ನಾಟಕದಲ್ಲಿ ರಂಗದ ಮೇಲಿದ್ದರು. 1907ರಲ್ಲಿ ಐರಿಷ್ ನಾಟಕಕಾರ ಸಿಂಜ್ ಅವರ ‘ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್’ ಐರಿಷ್ ಹಳ್ಳಿಗರನ್ನು ಅವಮಾನಿಸಿದೆ ಎಂದು ಪ್ರೇಕ್ಷಕರು ರೊಚ್ಚಿಗೆದ್ದು, ಪೊಲೀಸರು ರಂಗಮಂದಿರದ ಒಳಗೇ ನಿಲ್ಲಬೇಕಾಯಿತು. ಆ ಗದ್ದಲದ ನಡುವೆ ಸಾರಾ ವಿಧವೆ ಕ್ವಿನ್ ಆಗಿ, ಅವರ ತಂಗಿ ಮಾಲಿ ನಾಯಕಿ ಪೆಗೀನ್ ಆಗಿ ನಟಿಸಿದರು.

ಸಿಂಜ್ ಅವರದೇ ‘ರೈಡರ್ಸ್ ಟು ದಿ ಸೀ’ಯಲ್ಲಿ ಗಂಡನನ್ನೂ ಗಂಡುಮಕ್ಕಳನ್ನೂ ಕಡಲಿಗೆ ಕಳೆದುಕೊಂಡ ಮುದುಕಿ ಮೋರಿಯಾ ಬರುತ್ತಾಳೆ. ಸಾರಾ ಆ ಮುದುಕಿಯ ಪಾತ್ರ ವಹಿಸಿದಾಗ ಇನ್ನೂ ಇಪ್ಪತ್ತರ ಹರೆಯದಲ್ಲಿದ್ದರು. ದಯವಿಟ್ಟು ಇದನ್ನು ಗಮನಿಸಿ. ತಾಯಿಯ ಪಾತ್ರ ವಯಸ್ಸಾದ ಮೇಲೆ ವಿಧಿಯಿಲ್ಲದೆ ಒಪ್ಪಿಕೊಂಡದ್ದಲ್ಲ. ಅದು ಅವರು ಎಳೆಯ ವಯಸ್ಸಿನಲ್ಲೇ ಸಾಧಿಸಿಕೊಂಡ ವಿದ್ಯೆ.

ಬದುಕು ಮಾತ್ರ ಅವರನ್ನು ತಾಯಿಯಾಗಿ ಉಳಿಯಗೊಡಲಿಲ್ಲ. ಆಸ್ಟ್ರೇಲಿಯಾ ಪ್ರವಾಸದಲ್ಲಿದ್ದಾಗ 1916ರಲ್ಲಿ ಸಹನಟ ಜೆರಾಲ್ಡ್ ಹೆನ್ಸನ್ ಅವರನ್ನು ಮದುವೆಯಾದರು. ಹುಟ್ಟಿದ ಮಗು ಬದುಕಲಿಲ್ಲ. 1918ರ ಇನ್‌ಫ್ಲುಯೆಂಜಾ ಗಂಡನನ್ನೂ ಕರೆದೊಯ್ದಿತು. ಅವರು ಮತ್ತೆ ಮದುವೆಯಾಗಲಿಲ್ಲ.

ಆರು ವರ್ಷಗಳ ನಂತರ, 1924ರ ಮಾರ್ಚ್‌ನಲ್ಲಿ, ಶಾನ್ ಓಕೇಸಿ ಅವರ ‘ಜೂನೋ ಅಂಡ್ ದಿ ಪೇಕಾಕ್’ ಆಬಿಯಲ್ಲಿ ಮೊದಲ ಬಾರಿಗೆ ರಂಗಕ್ಕೆ ಬಂತು. ಅಂತರ್ಯುದ್ಧದ ಡಬ್ಲಿನ್, ಕುಡುಕ ಗಂಡ, ಕೈ ಕಳೆದುಕೊಂಡ ಮಗ, ಮೋಸಹೋದ ಮಗಳು. ಇವರೆಲ್ಲರನ್ನೂ ಹೊತ್ತು ನಿಂತ ಜೂನೋ ಬಾಯ್ಲ್ ಪಾತ್ರ ಸಾರಾ ಅವರದು. ಇಪ್ಪತ್ತನೆಯ ಶತಮಾನದ ಐರಿಷ್ ರಂಗಭೂಮಿಯ ಅತಿ ದೊಡ್ಡ ಸ್ತ್ರೀಪಾತ್ರಗಳಲ್ಲಿ ಅದೂ ಒಂದು ಎಂಬುದು ನನ್ನ ದೃಢವಾದ ನಂಬಿಕೆ.

ಇನ್ನು ಹಾಲಿವುಡ್. ಅಮೆರಿಕದ ಮನೆಗಳಲ್ಲಿ ಐರಿಷ್ ಹೆಂಗಸರು ತಲೆಮಾರುಗಳಿಂದ ಅಡುಗೆಯವರಾಗಿ, ಕೆಲಸದವರಾಗಿ ದುಡಿದಿದ್ದರು. ಹಾಗಾಗಿ ಐರಿಷ್ ಉಚ್ಚಾರಣೆ ಕಿವಿಗೆ ಬಿದ್ದ ಕೂಡಲೇ ಸ್ಟುಡಿಯೋಗಳಿಗೆ ನೆನಪಾಗುತ್ತಿದ್ದುದು ಅಡುಗೆಮನೆ. ‘ಜೇನ್ ಐರ್’ನಲ್ಲಿ ಬೆಸ್ಸಿ, ‘ದಿ ಸ್ಪೈರಲ್ ಸ್ಟೇರ್‌ಕೇಸ್’ನಲ್ಲಿ ದಾದಿ, ಕೊನೆಗೆ 1950ರ ‘ಚೀಪರ್ ಬೈ ದಿ ಡಜನ್’ನಲ್ಲಿ ಮನೆಗೆಲಸದಾಕೆ. ಅವರಲ್ಲಿ ಶಕ್ತಿಯಿತ್ತು, ಅದನ್ನು ಬಳಸಿಕೊಳ್ಳುವ ಕಲ್ಪನೆ ಆ ಉದ್ಯಮಕ್ಕೆ ಇರಲಿಲ್ಲ. ಇದನ್ನು ನೆನೆದಾಗ ನನಗೆ ಈಗಲೂ ಬೇಸರವಾಗುತ್ತದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಹಾಲಿವುಡ್‌ನ ಈ ಧೋರಣೆಗೆ ದೊಡ್ಡ ಅಪವಾದ ನೀವು ಮೆಚ್ಚಿದ, ಜಾನ್ ಫೋರ್ಡ್ ನಿರ್ದೇಶಿಸಿದ ಆ 1941ರ ಚಿತ್ರ. ಪೋಷಕ ನಟಿಯ ಆಸ್ಕರ್‌ಗೆ ಅವರ ಹೆಸರು ನಾಮನಿರ್ದೇಶನಗೊಂಡಿತು. ಪ್ರಶಸ್ತಿ ಮೇರಿ ಆಸ್ಟರ್ ಅವರಿಗೆ ಹೋಯಿತು. ಹಿಮ ಬೀಳುವ ರಾತ್ರಿಯಲ್ಲಿ ಬೆತ್ ಬೆಟ್ಟ ಹತ್ತುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಮುಷ್ಕರ ನಿರತ ಗಂಡಸರ ಸಭೆಗೆ ನುಗ್ಗಿ, ನನ್ನ ಗಂಡನಿಗೆ ಕೇಡು ಮಾಡಿದವನನ್ನು ನನ್ನ ಕೈಯಾರೆ ಕೊಲ್ಲುತ್ತೇನೆ ಎಂದು ಆಕೆ ಗುಡುಗುತ್ತಾಳೆ. ಕ್ಯಾಮೆರಾ ಮುಂದೆ ಅಷ್ಟು ದೊಡ್ಡ ದನಿ ಎತ್ತಿದರೆ ಕೃತಕವಾಗುವ ಅಪಾಯವಿತ್ತು. ಹಾಗಾಗಲಿಲ್ಲ. ಸಭಾಂಗಣದ ಕೊನೆಯ ಸಾಲಿನವರೆಗೂ ಮಾತು ಮುಟ್ಟಿಸಲು ಫ್ರಾಂಕ್ ಫೇ ಕಲಿಸಿದ ಶಿಸ್ತೇ ಇಲ್ಲಿ ಕೆಲಸ ಮಾಡುತ್ತಿದೆ.

ರಂಗದ ಮೇಲಿನ ಸಾರಾ ಅವರ ಅಂದಾಜು ಬೇಕಿದ್ದರೆ ಹಿಚ್‌ಕಾಕ್ 1930ರಲ್ಲಿ ತೆಗೆದ ‘ಜೂನೋ ಅಂಡ್ ದಿ ಪೇಕಾಕ್’ ನೋಡಿ. ಮಾತಿನ ಚಿತ್ರಗಳ ಆರಂಭದ ಕಾಲದ್ದು. ಧ್ವನಿ ಒರಟು, ಕ್ಯಾಮೆರಾ ಹೆಚ್ಚು ಅಲುಗದು. ತಂಗಿ ಮಾಲಿಯೂ ಶ್ರೀಮತಿ ಮ್ಯಾಡಿಗನ್ ಆಗಿ ಅದರಲ್ಲಿದ್ದಾರೆ. ಮಗನ ಸಾವಿನ ನಂತರ ಜೂನೋ ಮಾಡುವ ಪ್ರಾರ್ಥನೆಯ ಭಾಗವನ್ನು ಮಾತ್ರ ಅವಸರಪಡದೆ ಕೇಳಿ. ನೋಡಿದ ಮೇಲೆ ಮತ್ತೆ ಬರೆಯಿರಿ. ನಿಮ್ಮ ಅಭಿಪ್ರಾಯವನ್ನು ಸಂತೋಷದಿಂದ ಪ್ರಕಟಿಸುತ್ತೇವೆ.

– ಸಂಪಾದಕ