ಅನಿಮೇಷನ್ ಚಿತ್ರದ ಗುಣಮಟ್ಟವನ್ನೂ ನೀತಿಯನ್ನೂ ಅಳೆಯುವುದು ಹೇಗೆ?

ಆರು ಮತ್ತು ಹತ್ತು ವರ್ಷದ ಮಕ್ಕಳೊಂದಿಗೆ ನೋಡಲು ಅನಿಮೇಷನ್ ಚಿತ್ರವೊಂದನ್ನು ಆರಿಸುವಾಗ ಅದರ ಗುಣಮಟ್ಟವನ್ನೂ ಅದು ಕಲಿಸುವ ನೀತಿಯನ್ನೂ ಹೇಗೆ ಅಳೆಯಬೇಕು ಎಂದು ಕೇಳಿದ್ದೀರಿ. ಇವೆರಡನ್ನೂ ಬೇರೆ ಬೇರೆಯಾಗಿ ತೂಗುವ ಅಭ್ಯಾಸ ನನಗೂ ಇತ್ತು. ಅದನ್ನು ಬಿಡಿಸಿದವಳು ನನ್ನ ಮಗಳು. ಅವಳಿಗೆ ಏಳು ವರ್ಷವಾಗಿದ್ದಾಗ ನಾವು ನೋಡಿದ ಚಿತ್ರವೊಂದರಲ್ಲಿ, ನಾಯಕನಿಗಾಗಿ ಅಪಾಯಕ್ಕೆ ಧುಮುಕಿದ ಪೆದ್ದು ಗೆಳೆಯನೊಬ್ಬ ನಡುವೆಯೇ ಕಾಣೆಯಾಗುತ್ತಾನೆ. ಕೊನೆಯಲ್ಲಿ ಉಳಿದವರೆಲ್ಲ ಗೆಳೆತನವನ್ನು ಕೊಂಡಾಡುತ್ತ ಕುಣಿಯುತ್ತಾರೆ. ‘ಅವನು ಮನೆಗೆ ಬಂದನಾ?’ ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕಥೆ ಹೆಣೆದವರು ಅವನನ್ನು ಮರೆತಿದ್ದರು. ಅದು ಚಿತ್ರಕಥೆಯ ದೋಷವೂ ಹೌದು, ನೀತಿಯ ದೋಷವೂ ಹೌದು.

ಆದ್ದರಿಂದ ಕೊನೆಯ ಐದು ನಿಮಿಷಗಳಲ್ಲಿ ಪಾತ್ರಗಳು ಆಡುವ ಹಿತವಚನವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೆಲುವು ಯಾರಿಗೆ, ಯಾವ ಕಾರಣಕ್ಕೆ ದಕ್ಕಿತು, ಮಾಡಿದ ತಪ್ಪಿಗೆ ಬೆಲೆ ತೆತ್ತವರು ಯಾರು ಎಂಬುದನ್ನು ಗಮನಿಸುತ್ತೇನೆ. ಬಲಕ್ಕಿಂತ ಪ್ರೀತಿ ದೊಡ್ಡದು ಎಂದು ಸಾರುವ ಚಿತ್ರದಲ್ಲಿ ಪ್ರತಿಯೊಂದು ಬಿಕ್ಕಟ್ಟೂ ಗುದ್ದಾಟದಿಂದಲೇ ಬಗೆಹರಿದರೆ, ಮಗುವಿನ ಮನಸ್ಸಿನಲ್ಲಿ ಉಳಿಯುವುದು ಗುದ್ದಾಟವೇ. ಅದಕ್ಕಿಂತ ಮುಖ್ಯವಾಗಿ, ಚಿತ್ರ ಯಾರನ್ನು ತೋರಿಸಿ ನಮ್ಮನ್ನು ನಗಿಸುತ್ತದೆ ಎಂದು ನೋಡಿ. ದಪ್ಪಗಿರುವವರನ್ನೂ ತೊದಲುವವರನ್ನೂ ಹಾಸ್ಯದ ಸರಕಾಗಿಸಿದ ಚಿತ್ರವನ್ನು, ಅದರ ಉಪದೇಶ ಎಷ್ಟೇ ಚೆನ್ನಾಗಿದ್ದರೂ, ನಾನು ಮಕ್ಕಳಿಗೆ ತೋರಿಸಲಾರೆ.

ಒಳಿತನ್ನು ತೋರಿಸಲು ದುಷ್ಟನೊಬ್ಬ ಇರಲೇಬೇಕೆಂದೂ ಇಲ್ಲ. ಜಪಾನಿನ ನಿರ್ದೇಶಕ ಹಯಾವೊ ಮಿಯಾಝಾಕಿಯವರ ‘ಮೈ ನೇಬರ್ ಟೊಟೊರೊ’ದಲ್ಲಿ ಖಳನಿಲ್ಲ, ಆಸ್ಪತ್ರೆಯಲ್ಲಿರುವ ತಾಯಿಗಾಗಿ ಇಬ್ಬರು ಅಕ್ಕತಂಗಿಯರು ಪಡುವ ಆತಂಕವೇ ಕಥೆಯನ್ನು ಹಿಡಿದಿಡುತ್ತದೆ.

ಕುಸುರಿಯ ವಿಷಯದಲ್ಲಿ, ತುಪ್ಪಳದ ಒಂದೊಂದು ಕೂದಲೂ ಎದ್ದು ಕಾಣುವುದು ಕಂಪ್ಯೂಟರಿನ ಸಾಮರ್ಥ್ಯಕ್ಕೆ ಸಾಕ್ಷಿಯೇ ಹೊರತು ಕಲೆಗಲ್ಲ. ಎರಡು ನಿಮಿಷ ಧ್ವನಿ ನಿಲ್ಲಿಸಿ ನೋಡಿ: ಪಾತ್ರ ಏನನ್ನು ಬಯಸುತ್ತಿದೆ, ಏನನ್ನು ಬಚ್ಚಿಡುತ್ತಿದೆ ಎಂಬುದು ಅದರ ನಿಲುವಿನಿಂದ, ತಡವರಿಕೆಯಿಂದ, ಕಣ್ಣು ಹೊರಳಿಸುವ ರೀತಿಯಿಂದ ತಿಳಿಯಬೇಕು. 2009ರ ‘ಅಪ್’ ಚಿತ್ರದ ಆರಂಭದಲ್ಲಿ ದಂಪತಿಯ ಇಡೀ ಬಾಳು ಕೆಲವೇ ನಿಮಿಷಗಳಲ್ಲಿ, ಮಾತಿಲ್ಲದೆ, ಸಂಗೀತ ಮತ್ತು ಚಿತ್ರಗಳಿಂದಲೇ ಕಣ್ಣೆದುರು ಸಾಗುತ್ತದೆ. ಎಡೆಬಿಡದೆ ಮಾತು ಸುರಿಸುವ ಚಿತ್ರಗಳು ಹೆಚ್ಚಾಗಿ ತಮ್ಮ ದೃಶ್ಯಗಳನ್ನು ತಾವೇ ನಂಬಿರುವುದಿಲ್ಲ.

ಅನಿಮೇಷನ್ ಎಂದಮಾತ್ರಕ್ಕೆ ಎಲ್ಲವೂ ಆರರ ಮಗುವಿಗೆ ತಕ್ಕುದಲ್ಲ. ‘ಟೊಟೊರೊ’ ಜಪಾನಿನಲ್ಲಿ 1988ರಲ್ಲಿ ತೆರೆಕಂಡ ದಿನವೇ ಅದರ ಜೋಡಿ ಚಿತ್ರವಾಗಿ ಬಂದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’, ಯುದ್ಧಕಾಲದಲ್ಲಿ ಹಸಿವಿನಿಂದ ನಲುಗುವ ಅಣ್ಣ ತಂಗಿಯರ ಕಥೆ. ಅದು ಮೇರುಕೃತಿ, ಆದರೆ ಪುಟ್ಟ ಮಕ್ಕಳಿಗಲ್ಲ. ವಯೋಮಿತಿಯ ಪ್ರಮಾಣಪತ್ರ ಹಿಂಸೆ, ಬೈಗುಳಗಳ ಸುಳಿವು ಕೊಡಬಲ್ಲದು, ಅಷ್ಟೇ. ಚಿಕ್ಕವರಿಗೆ ತೋರಿಸುವ ಮುನ್ನ ನೀವೊಮ್ಮೆ ನೋಡುವುದು ಒಳ್ಳೆಯದು. ಆದರೆ ಸಾವು ಅಥವಾ ದುಃಖ ಇದೆ ಎಂಬ ಒಂದೇ ಕಾರಣಕ್ಕೆ ಯಾವ ಚಿತ್ರವನ್ನೂ ದೂರವಿಡಬೇಡಿ.

ಚಿತ್ರ ಮುಗಿದ ಮೇಲೆ ‘ಏನು ನೀತಿ ಕಲಿತೆ?’ ಎಂದು ಕೇಳಬೇಡಿ. ಮಕ್ಕಳು ನಮಗೆ ಬೇಕಾದ ಉತ್ತರವನ್ನೇ ಒಪ್ಪಿಸುತ್ತಾರೆ. ‘ಅವಳು ಆ ಗುಟ್ಟನ್ನು ಹೇಳಿದ್ದು ಸರಿಯೇ?’ ಎಂಬಂಥ ಪ್ರಶ್ನೆ ಕೇಳಿ. ನಿಮ್ಮ ಇಬ್ಬರು ಮಕ್ಕಳೂ ಬೇರೆ ಬೇರೆ ಉತ್ತರ ಕೊಟ್ಟು ವಾದಕ್ಕಿಳಿದರೆ, ಅಂಥ ಚಿತ್ರವನ್ನು ಇನ್ನೊಮ್ಮೆ ನೋಡಲು ನಾನಂತೂ ಹಿಂಜರಿಯುವುದಿಲ್ಲ.